ಅಲುಗಬೇಕಾದ ನೆಲ

ಕಳೆದ ವಾರ ನಾರಾಯಣಗೂಡದ ನಮ್ಮ ಓಣಿಯಲ್ಲಿ ಒಂದು ಮನೆಯ ಮೇಲಂತಸ್ತಿಗೆ ಸ್ಲ್ಯಾಬ್ ಹಾಕುವ ತಯಾರಿ ನಡೆದಿತ್ತು. ಸೆಂಟ್ರಿಂಗ್ ಹಲಗೆಗಳಿಗೆ ಸುಟ್ಟ ಆಯಿಲ್ ಬಳಿದು ಗೋಡೆಗೆ ಒರಗಿಸಿದ್ದರು. ಬೆಳಗಿನ ನಡಿಗೆ ಮುಗಿಸಿ ಬರುತ್ತಿದ್ದ ನಾನು ಆ ವಾಸನೆಗೆ ನಿಂತುಬಿಟ್ಟೆ. ನಾನು ದಾರಿಯಲ್ಲಿ ನಿಲ್ಲುವ ಮನುಷ್ಯನಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವನು. ಐದಕ್ಕೆ ಏಳುವುದು, ಐದೂ ಮುಕ್ಕಾಲಿಗೆ ಹೊರಡುವುದು, ಆರೂ ಮುಕ್ಕಾಲಿಗೆ ಮನೆ ಮುಟ್ಟುವುದು ನಿವೃತ್ತಿಯ ನಂತರವೂ ತಪ್ಪಿಲ್ಲ. ಅಂದು ಮಾತ್ರ ಮನೆ ಮುಟ್ಟುವಾಗ ಏಳು ಹೊಡೆದಿತ್ತು.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಆ ವಾಸನೆಯೊಂದಿಗೆ ಬಂದಿತ್ತು. ಆ ಬೇಸಿಗೆಯಲ್ಲಿ ಅಮೆರಿಕದ ಕಪ್ಪು ಸಮುದಾಯದ ನೃತ್ಯ ಶಿಕ್ಷಕಿ ಅರ್ಲೀನ್ ಬ್ರಾಕ್ಸ್‌ಟನ್ ನಮ್ಮ ಸಭಾಂಗಣದಲ್ಲಿ ಪಾಠ ಹೇಳಿದರು. ನಾನು ಅವರ ಪಾಠವನ್ನು ಕೆಡಿಸುವುದಕ್ಕೆ ಸ್ವಲ್ಪದರಲ್ಲಿ ಕಾರಣನಾಗುತ್ತಿದ್ದೆ. ಅದನ್ನು ನಾನೇ ಬರೆದಿಡುವುದು ಸರಿ.

ಸಭಾಂಗಣ ಎಂದರೆ ದೊಡ್ಡದೇನಲ್ಲ. ಇಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಕೆಲವು ಕನ್ನಡ ಕುಟುಂಬಗಳು ಕೂಡಿ ಕಟ್ಟಿಸಿದ ಒಂದು ಉದ್ದನೆಯ ಕೋಣೆ, ತುದಿಗೊಂದು ವೇದಿಕೆ. ಬೀಗದ ಕೈ ನನ್ನ ಬಳಿ ಇತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎತ್ತರದ, ಬೆಳ್ಳಿಕೂದಲನ್ನು ತೀರ ಚಿಕ್ಕದಾಗಿ ಕತ್ತರಿಸಿಕೊಂಡ ಹೆಂಗಸೊಬ್ಬರು ಎಡಗಾಲನ್ನು ತುಸು ಎಳೆಯುತ್ತ ಒಳಗೆ ಬಂದರು. ಮಾದಾಪುರದ ಕಂಪನಿಯೊಂದಕ್ಕೆ ಕೆಲಸದ ಮೇಲೆ ಬಂದಿದ್ದ ತಂಗಿಯ ಮಗಳ ಜೊತೆ ಈ ಊರಿಗೆ ಬಂದಿದ್ದರಂತೆ. ವಯಸ್ಸು ಎಪ್ಪತ್ತು. ಹದಿಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತು ಬೇಸರವಾಗಿದೆ, ಜೂನ್ ಮಧ್ಯದವರೆಗೆ ಇಲ್ಲಿರುತ್ತೇನೆ, ಹುಡುಗಿಯರಿಗೆ ನೃತ್ಯ ಹೇಳಿಕೊಡಬೇಕು, ಬೆಳಿಗ್ಗೆ ಜಾಗ ಸಿಗುತ್ತದೆಯೆ ಎಂದು ಕೇಳಿದರು. ಸಂಬಳ ಬೇಡ ಎಂದರು.

ಅವರು ವೇದಿಕೆಯನ್ನು ನೋಡಲಿಲ್ಲ. ಬೂಟು ಬಿಚ್ಚಿ ನೆಲವನ್ನು ಹಿಮ್ಮಡಿಯಿಂದ ಒಮ್ಮೆ ಗುದ್ದಿದರು.

“ಯಾವ ಕಲ್ಲು ಇದು?”

“ಶಹಾಬಾದ್ ಕಲ್ಲು. ನಮ್ಮ ಕರ್ನಾಟಕದ್ದೇ. ನೂರು ವರ್ಷ ಬಾಳಿಕೆ ಬರುತ್ತದೆ,” ಎಂದೆ ಹೆಮ್ಮೆಯಿಂದ.

“ಕಲ್ಲು ಬರುತ್ತದೆ, ಮಿಸ್ಟರ್ ಪಾಟೀಲ್. ಮೊಣಕಾಲು ಬರುವುದಿಲ್ಲ.”

ಕಲ್ಲಿನ ಮೇಲೆ ನಡಿಗೆ ಕಲಿಸುತ್ತೇನೆ, ಕೈಗಳ ಚಲನೆ ಕಲಿಸುತ್ತೇನೆ, ಆದರೆ ಯಾರನ್ನೂ ಹಾರಿಸುವುದಿಲ್ಲ. ಹಾರಬೇಕಾದರೆ ಮರದ ನೆಲ ಬೇಕು, ಅದೂ ಕೆಳಗೆ ಟೊಳ್ಳಾಗಿರುವ ನೆಲ. ಇದು ಅವರ ಷರತ್ತು. ನಾನು ಷರತ್ತುಗಳನ್ನು ಇಷ್ಟಪಡುವವನು. ಒಪ್ಪಿಕೊಂಡೆ. ಏಪ್ರಿಲ್ ಒಂದರಂದು ನಮ್ಮ ಕುಟುಂಬಗಳ ಒಂಬತ್ತು ಹುಡುಗಿಯರೊಂದಿಗೆ ಪಾಠ ಶುರುವಾಯಿತು, ಬೆಳಿಗ್ಗೆ ಏಳೂ ಕಾಲಿಗೆ. ಅವರು ಮಾದಾಪುರದಿಂದ ಮೊದಲ ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಏಳಕ್ಕೆ ಬಾಗಿಲಲ್ಲಿರುತ್ತಿದ್ದರು. ಒಂದು ದಿನವೂ ತಡವಾಗಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ನೃತ್ಯ ನೋಡಿ ಅಲ್ಲ, ಗಡಿಯಾರ ನೋಡಿ.

ಮರದ ನೆಲದ ವಿಚಾರ ಕೇಳಲು ಪಕ್ಕದ ಬೀದಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಸಾಬಣ್ಣನನ್ನು ಕರೆಸಿದೆ. ಯಾದಗಿರಿ ಕಡೆಯವನು. ಕಲ್ಲು ಹಾಸುವುದು, ಸೆಂಟ್ರಿಂಗ್ ಕಟ್ಟುವುದು ಎರಡೂ ಬಲ್ಲ ಕೆಲಸಗಾರ. ಹೆಂಡತಿ ಅದೇ ಕಟ್ಟಡದಲ್ಲಿ ಕಾಂಕ್ರೀಟ್ ಬುಟ್ಟಿ ಹೊರುತ್ತಿದ್ದಳು. ಅಳತೆಯ ಟೇಪು ಹಿಡಿದುಕೊಂಡು ಅವನ ಹಿಂದೆ ಮಗಳು ರೇಣುಕಾ ಬಂದಳು. ಹದಿನಾರು ವರ್ಷ, ಆಗಷ್ಟೇ ಹತ್ತನೆಯ ತರಗತಿ ಪರೀಕ್ಷೆ ಬರೆದಿದ್ದಳು. ನಾವಿಬ್ಬರೂ ಅಳತೆ ಮಾತಾಡುತ್ತಿರುವಾಗ ಅರ್ಲೀನ್ ಒಂದು ಹೆಜ್ಜೆಯನ್ನು ಹುಡುಗಿಯರಿಗೆ ನಾಲ್ಕನೆಯ ಸಲ ತೋರಿಸುತ್ತಿದ್ದರು. ಗೋಡೆಯ ಬಳಿ ನಿಂತ ರೇಣುಕಾ, ಟೇಪು ಕೈಯಲ್ಲಿರುವಂತೆಯೇ, ಅದನ್ನು ಮಾಡಿದಳು. ಯಾರೂ ನೋಡುತ್ತಿಲ್ಲ ಎಂದುಕೊಂಡು ಮಾಡಿದ್ದಳು. ಅರ್ಲೀನ್ ನೋಡಿಬಿಟ್ಟರು.

“ಆ ಹುಡುಗಿ ನಾಳೆಯಿಂದ ಬರಲಿ,” ಎಂದರು.

ನಾನು ಹೇಳಿದೆ. ಸಾಬಣ್ಣ ಮಗಳ ಕಡೆ ನೋಡಿದ. “ಬ್ಯಾಸಗಿ ಸೂಟಿ ಅದ, ಬರ್ಲಿ ತಗೋರಿ. ಸ್ಲ್ಯಾಬ್ ಮುಗಿಯೂತನ ನಾವು ಇಲ್ಲೇ ಇರ್ತೀವಿ. ಜೂನ್ ತಿಂಗಳದಾಗ ಪುಣೆಕ್ಕ ಹೋಗಬೇಕು. ಅಲ್ಲಿಗಿ ಬಂದ್.”

ಹೀಗೆ ರೇಣುಕಾಗೆ ಇದ್ದದ್ದು ಎರಡು ತಿಂಗಳು. ಶಿಕ್ಷಕಿಗೂ ಹೆಚ್ಚುಕಡಿಮೆ ಅಷ್ಟೇ. ಅರ್ಲೀನ್ ಹತ್ತು ದಿನ ಅವಳನ್ನು ಗಮನಿಸಿ ನನ್ನ ಬಳಿ ಬಂದರು. “ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಇಂಥ ಹುಡುಗಿಯರು ನಾಲ್ಕೈದು ಜನ ಸಿಕ್ಕಿರಬಹುದು. ಇವಳಿಗೆ ಹಾರುವುದನ್ನು, ಅದಕ್ಕಿಂತ ಹೆಚ್ಚಾಗಿ ಇಳಿಯುವುದನ್ನು, ಕಲಿಸದೆ ನಾನು ಹೋಗುವುದಿಲ್ಲ. ನೆಲ ಬೇಗ ಆಗಲಿ.”

ಅವರ ಅವಸರಕ್ಕೆ ಕಾರಣವಿತ್ತು. ಪಾಠ ಮುಗಿದ ಮೇಲೆ ನನ್ನ ಹೆಂಡತಿ ಸುಶೀಲಾ ಕೊಡುತ್ತಿದ್ದ ಚಹಾ, ಚೂಡಾದ ಜೊತೆ ಅವರು ತಮ್ಮ ಬದುಕನ್ನು ಸ್ವಲ್ಪಸ್ವಲ್ಪವಾಗಿ ಹೇಳಿದ್ದರು. ಅಮೆರಿಕದ ದಕ್ಷಿಣದ ಒಂದು ಸಣ್ಣ ಊರು. ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದವಳು. ಆ ಮನೆಗಳಲ್ಲೊಂದರ ಯಜಮಾನಿ ನೃತ್ಯ ಕಲಿಸುತ್ತಿದ್ದಳು, ಆದರೆ ಕಪ್ಪು ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಟ್ಟೆಯ ಗಂಟು ಕೊಡಲು ಹಿತ್ತಲ ಬಾಗಿಲಿಗೆ ಹೋದ ಪುಟ್ಟ ಅರ್ಲೀನ್ ಕಿಟಕಿಯಿಂದ ನೋಡಿ ಕಲಿತಳು. ಹದಿನಾರಕ್ಕೆ ತಾಯಿ ಅವಳನ್ನು ಉತ್ತರದ ನಗರದಲ್ಲಿದ್ದ ಅಕ್ಕನ ಮನೆಗೆ ಕಳಿಸಿದಳು. ಹಗಲು ಆಸ್ಪತ್ರೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವುದು, ಸಂಜೆ ನೃತ್ಯಶಾಲೆ. ಇಪ್ಪತ್ತೆರಡಕ್ಕೆ ಒಂದು ಸಣ್ಣ ತಂಡ ಸೇರಿದರು. ಹದಿನೈದು ವರ್ಷ ಬಸ್ಸಿನಲ್ಲಿ ಊರೂರು. ಒಳ್ಳೆಯ ರಂಗಮಂದಿರಗಳು ಇವರ ತಂಡಕ್ಕೆ ಸಿಗುತ್ತಿದ್ದುದು ಅಪರೂಪ. ಶಾಲೆಯ ವ್ಯಾಯಾಮದ ಕೋಣೆ, ಚರ್ಚಿನ ನೆಲಮಾಳಿಗೆ, ಎಲ್ಲ ಕಡೆ ಸಿಮೆಂಟ್ ನೆಲ. ಮೂವತ್ತೇಳರ ವಯಸ್ಸಿನಲ್ಲಿ ಒಂದು ಸಂಜೆ ಎಡ ಮೊಣಕಾಲು ಕೈಕೊಟ್ಟಿತು. ಎರಡು ಶಸ್ತ್ರಚಿಕಿತ್ಸೆಗಳಾದವು. ಆಮೇಲೆ ಅವರು ಹಾರಲಿಲ್ಲ. ತಮ್ಮ ಕೇರಿಯ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದರು. ಆ ಶಾಲೆಯಲ್ಲಿ ಮೊದಲು ಮಾಡಿಸಿದ ಕೆಲಸ, ಮರದ ನೆಲ ಹಾಕಿಸಿದ್ದು.

“ಹಾಂಗಾದ್ರ ಇಕಿ ಬಟ್ಟಿ ಒಗಿಯೋರ ಮಗಳು,” ಎಂದಳು ಸುಶೀಲಾ ನನ್ನ ಕಡೆ ತಿರುಗಿ. “ನಾ ದೊಡ್ಡ ಮಂದಿ ಅಂತ ಮೊದಲ್ನೇ ದಿನ ಕಪ್-ಬಸಿ ಹೊಸಾವು ತಗದೆ.”

ಅವರೇ ಕಟ್ಟಿದ ಒಂದು ನೃತ್ಯವಿತ್ತು, ತಾಯಿ ಬಟ್ಟೆ ಒಗೆಯುವುದರ ಮೇಲೆ. ಬಟ್ಟೆ ಉಜ್ಜುವುದು, ಹಿಂಡುವುದು, ಹಗ್ಗಕ್ಕೆ ಹಾಕುವುದು. ಅದನ್ನೇ ಹುಡುಗಿಯರಿಗೆ ಕಲಿಸತೊಡಗಿದರು. ರೇಣುಕಾ ಮೂರನೆಯ ದಿನ ತಡೆದು ನಿಂತಳು.

“ಸರ, ಮೇಡಮ್ಮಾರಿಗಿ ಹೇಳ್ರಿ. ಹಿಂಗ ಉಜ್ಜೂದಿಲ್ಲ ನಾವು. ಕಲ್ಲಿಗಿ ಎತ್ತಿ ಒಗೀತೀವಿ.” ಮತ್ತು ಎತ್ತಿ ಒಗೆದು ತೋರಿಸಿದಳು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮುಂದಕ್ಕೆ ಬಂತು. ಅರ್ಲೀನ್ ಇನ್ನೊಮ್ಮೆ ಎಂದರು. ಮತ್ತೊಮ್ಮೆ ಎಂದರು. ಆಮೇಲೆ ನಿನ್ನ ತಾಯಿ ಬುಟ್ಟಿ ಹೊತ್ತು ಏಣಿ ಹತ್ತುವುದು ಹೇಗೆ ಎಂದು ಕೇಳಿದರು. ಆ ವಾರ ನೃತ್ಯದ ಅರ್ಧ ಬದಲಾಯಿತು. ಶಿಕ್ಷಕಿ ತನ್ನ ಹಳೆಯ ಕೆಲಸವನ್ನು ವಿದ್ಯಾರ್ಥಿನಿಯ ಮಾತಿಗೆ ಬಿಚ್ಚಿ ಜೋಡಿಸಿದ್ದನ್ನು ನಾನು ಮೊದಲ ಸಲ ನೋಡಿದೆ. ನಮ್ಮ ಕಾರ್ಖಾನೆಯಲ್ಲಿ ಹಾಗೆ ಮಾಡಿದ್ದರೆ ವಿವರಣೆ ಕೇಳಿ ಪತ್ರ ಬರುತ್ತಿತ್ತು.

ನೆಲದ ಕೆಲಸ ಏಪ್ರಿಲ್ ಮೂರನೆಯ ವಾರ ಶುರುವಾಯಿತು. ಅರ್ಲೀನ್ ಕಾಗದದ ಮೇಲೆ ಚಿತ್ರ ಬರೆದು ಕೊಟ್ಟರು. ಕಲ್ಲಿನ ಮೇಲೆ ರಬ್ಬರ್ ತುಂಡುಗಳು, ಅವುಗಳ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಉದ್ದಪಟ್ಟಿ, ಎಲ್ಲಕ್ಕಿಂತ ಮೇಲೆ ಹಲಗೆ. ಸಾಬಣ್ಣ ತನ್ನ ಮೇಸ್ತ್ರಿಯನ್ನು ಕೇಳಿ ಹಳೆಯ ಸೆಂಟ್ರಿಂಗ್ ಹಲಗೆಗಳನ್ನು ತಂದು, ಆಯಿಲ್ ಹೋಗುವಂತೆ ಉಜ್ಜಿ, ರಂಧಾ ಹೊಡೆದು ನುಣುಪು ಮಾಡಿದ. ರಬ್ಬರಿಗೆ ಹವಾಯಿ ಚಪ್ಪಲಿ ಸರಿ ಎಂದವನೂ ಅವನೇ. ನಾನು ಸುಲ್ತಾನ್ ಬಜಾರಿಗೆ ಹೋಗಿ ನಲವತ್ತು ಜೊತೆ ಚಪ್ಪಲಿ ಕೇಳಿದೆ, ದಪ್ಪ ಒಂದೇ ಇರಬೇಕೆಂದು ಎಲ್ಲವೂ ಒಂದೇ ನಂಬರ್. ಅಂಗಡಿಯವನು ನನ್ನ ಕಾಲು ನೋಡಿದ, ಮುಖ ನೋಡಿದ, ನಿಮಗೆ ಎಷ್ಟು ಕಾಲು ಎಂದು ಕೇಳಿದ.

“ಚಚ್ಚಾ, ಕಿತ್ತೆ ಪಾಂವ್ ಹೈಂ ಆಪ್‌ಕೇ?”

ಸಂಜೆಗಳಲ್ಲಿ ಕೆಲಸ ಮಾಡಿ ಸಾಬಣ್ಣ ಹನ್ನೆರಡು ದಿನಕ್ಕೆ ನೆಲ ಮುಗಿಸಿದ. ನೋಡಲು ಅಂದವಾಗಿತ್ತು. ಅದೇ ದಿನ ಅರ್ಲೀನ್‌ಗೆ ಬಿಸಿಲು ಬಡಿದು ಜ್ವರ ಬಂತು. ಒಂದು ವಾರ ಬರಲಾಗುವುದಿಲ್ಲ ಎಂದು ಫೋನಿನಲ್ಲೇ ಪ್ರತಿ ದಿನದ ಪಾಠ ಬರೆಸಿದರು. ಸೋಮವಾರ ಎಂಟು ಸಲ ಹಾರುವುದು, ಮಂಗಳವಾರ ಹದಿನಾರು, ಹೀಗೆ. ನೀವೇ ಎಣಿಸಿ, ನೀವು ಶಿಸ್ತಿನವರು, ಎಂದರು.

ಆ ಮಾತು ನನ್ನ ತಲೆಗೆ ಏರಿತು. ಶನಿವಾರ ಮಧ್ಯಾಹ್ನ ಒಬ್ಬನೇ ಹೋಗಿ, ನೀರುಮಟ್ಟ ಹಿಡಿದು ನೆಲವನ್ನು ಪರೀಕ್ಷಿಸಿದೆ. ಮಟ್ಟ ಸರಿಯಾಗಿತ್ತು. ಆದರೆ ಕಾಲಿಟ್ಟಲ್ಲೆಲ್ಲ ಹಲಗೆ ತುಸು ಕೆಳಗಿಳಿದು ಮೇಲೇಳುತ್ತಿತ್ತು. ನಾನು ಬದುಕಿನುದ್ದಕ್ಕೂ ಅಲುಗುವುದನ್ನು ತಿರಸ್ಕರಿಸಿದವನು. ಅಲುಗಿದರೆ ಕೆಂಪು ಚೀಟಿ. ಕೆಳಗೆ ಟೊಳ್ಳಿರಬೇಕು ಎಂದು ಅವರು ಹೇಳಿದ್ದು ನೆನಪಿತ್ತು. ಟೊಳ್ಳಿರಲಿ, ಆದರೆ ಇಷ್ಟು ಸಡಿಲವೆ, ಸಾಬಣ್ಣ ಅವಸರ ಮಾಡಿದ್ದಾನೆ ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಹಲಗೆಗಳ ಸ್ಕ್ರೂ ಬಿಚ್ಚಿ, ಉಳಿದಿದ್ದ ಮರದ ಚೂರುಗಳನ್ನು ಬೆಣೆ ಮಾಡಿ, ಅಲುಗಿದಲ್ಲೆಲ್ಲ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದೆ. ಭಾನುವಾರವೂ ಅದೇ. ಸಂಜೆಯ ಹೊತ್ತಿಗೆ ನೆಲ ಬಂಡೆಯಂತೆ ನಿಂತಿತು. ಮನೆಗೆ ಬಂದು ಸುಶೀಲಾಗೆ ಹೇಳಿದೆ, “ಈಗ ನೋಡ, ಆನಿ ನಡದ್ರೂ ಅಲುಗಂಗಿಲ್ಲ.”

“ಕುಣಿಯಾವ್ರು ಹುಡುಗ್ಯಾರ್ರಿ, ಆನಿ ಅಲ್ಲ,” ಎಂದಳು ಅವಳು, ರೊಟ್ಟಿ ಬಡಿಯುತ್ತ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವಾರ ಪಟ್ಟಿಯಲ್ಲಿದ್ದಂತೆಯೇ ಹಾರಿಸಿದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಉಳಿದವರು ಹಾರಿದ್ದು ಅಷ್ಟಕ್ಕಷ್ಟೆ. ರೇಣುಕಾ ಮಾತ್ರ ಪ್ರತಿ ಸಲವೂ ಹಿಂದಿನದಕ್ಕಿಂತ ಮೇಲೆ ಹೋಗುತ್ತಿದ್ದಳು, ಮತ್ತು ಹೋದಷ್ಟೇ ಜೋರಾಗಿ ಇಳಿಯುತ್ತಿದ್ದಳು. ಗುರುವಾರ ಅವಳು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದದ್ದನ್ನು ಕಂಡೆ. “ಏನಾಗೇತಿ?” ಎಂದರೆ “ಏನಿಲ್ರಿ ಸರ,” ಎಂದಳು. ಇರುವ ದಿನಗಳೇ ಕಡಿಮೆ, ನೋವು ಎಂದರೆ ಕೂರಿಸಿಬಿಡುತ್ತಾರೆ ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಸೋಮವಾರ ಅರ್ಲೀನ್ ಬಂದರು. ಬಾಗಿಲಲ್ಲೇ ನಿಂತು ಹುಡುಗಿಯರ ಮೊದಲ ನಾಲ್ಕು ಹಾರಿಕೆ ಕೇಳಿಸಿಕೊಂಡರು. ನಿಲ್ಲಿ ಎಂದು ಕೈಯೆತ್ತಿದರು. ನೆಲದ ಮೇಲೆ ಬರಿಗಾಲಿಟ್ಟು, ಬಗ್ಗಿ, ಅಂಗೈಯಿಂದ ಬಡಿದರು.

“ಇದು ಸತ್ತ ನೆಲ. ಯಾರು ಮಾಡಿದ್ದು?”

ರೇಣುಕಾಳನ್ನು ಕರೆದು ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದರು. ಹುಡುಗಿ ತುಟಿ ಕಚ್ಚಿದಳು. ಎರಡೂ ಕಾಲಿನ ಮುಂದಿನ ಎಲುಬಿನ ಮೇಲೆ ಬಾವು ಬಂದಿತ್ತು. ಅರ್ಲೀನ್ ಸಾಬಣ್ಣನನ್ನು ಕರೆಸಲು ಹೇಳಿದರು.

ಸಾಬಣ್ಣ ಸಿಮೆಂಟಿನ ಕೈಯಲ್ಲೇ ಬಂದ. ನೆಲ ಹೀಗೇಕಾಯಿತು ಎಂದು ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದೆ. ಅವನು ಹಲಗೆಯ ಮೇಲೆ ಕಾಲಿಟ್ಟು ಒತ್ತಿದ. ಇನ್ನೊಂದು ಕಡೆ ಒತ್ತಿದ. ಅವನ ಮುಖದಲ್ಲಿ ಭಯ ಬಂತು. “ನಾ ಹಿಂಗ ಮಾಡಿಲ್ರಿ ಸಾಹೇಬ್ರ. ನನ್ನ ಮಗಳ ಕಾಲಾಣಿ, ನಾ ಮಾಡಿಲ್ಲ,” ಎಂದ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆಮೇಲೆ ಸುಮ್ಮನಾದೆ. ಎಷ್ಟು ಹೊತ್ತು ಸುಮ್ಮನಿದ್ದೆನೋ, ಹತ್ತು ಹುಡುಗಿಯರ ಮುಂದೆ ಅದು ಬಹಳ ಉದ್ದವಾಗಿತ್ತು. ಒಬ್ಬ ಮನುಷ್ಯ ಮಾಡದ ತಪ್ಪಿಗೆ ತನ್ನ ಮಗಳ ಕಾಲ ಮೇಲೆ ಆಣೆ ಹಾಕುತ್ತಿರುವಾಗ ನಾನು ದುಭಾಷಿಯಾಗಿ ನಿಂತಿದ್ದೆ.

“ನಾನು ಮಾಡಿದ್ದು,” ಎಂದೆ. ಎರಡೂ ಭಾಷೆಯಲ್ಲಿ ಹೇಳಿದೆ.

ಸಾಬಣ್ಣ ನನ್ನನ್ನೇ ನೋಡಿದ. ಸಿಟ್ಟಾಗುತ್ತಾನೆ ಎಂದುಕೊಂಡೆ. “ನೀವಾ? ನೀರುಮಟ್ಟ ಹಿಡ್ಕೊಂಡು?” ಎಂದ. ಆಮೇಲೆ ನಿಧಾನವಾಗಿ, “ಸ್ಲ್ಯಾಬ್ ಹಾಕೂ ಮುಂದ ನೀವು ಬೇಕ್ರಿ ಸಾಹೇಬ್ರ. ಇದು ಅಲುಗಲಿ ಅಂತೇ ಮಾಡಿದ್ದು. ಒಂದ್ ಮಾತು ಕೇಳಬೇಕಿತ್ತು.”

ಅರ್ಲೀನ್ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. “ನನ್ನ ಮೊಣಕಾಲನ್ನು ಕೆಡಿಸಿದವರು ಕೆಟ್ಟವರಲ್ಲ, ಮಿಸ್ಟರ್ ಪಾಟೀಲ್,” ಎಂದರು. “ಗಟ್ಟಿ ನೆಲ ಒಳ್ಳೆಯದು ಎಂದು ನಂಬಿದವರು. ರೇಣುಕಾ ಮೂರು ವಾರ ಹಾರುವಂತಿಲ್ಲ. ನೀವು ಈ ನೆಲವನ್ನು ಬುಧವಾರದೊಳಗೆ ಬಿಚ್ಚಬೇಕು.”

ಮೂರು ವಾರ ಎಂದರೆ ಅವಳಿಗೆ ಉಳಿದದ್ದು ಒಂದೇ ವಾರ. ನಾನು ಕೆಡಿಸಿದ್ದು ಹಲಗೆಯನ್ನಲ್ಲ, ಆ ಹುಡುಗಿಯ ಮೇ ತಿಂಗಳನ್ನು.

ಎರಡು ದಿನ ನಾನು ಮತ್ತು ಸಾಬಣ್ಣ ನೆಲದ ಮೇಲೆ ಮಂಡಿಯೂರಿ ಕೂತೆವು. ಒಂದೊಂದು ಬೆಣೆಯನ್ನೂ ನನ್ನ ಕೈಯಿಂದಲೇ ಕಿತ್ತೆ. ಬಿಗಿಯಾಗಿ ಹೊಡೆದದ್ದಕ್ಕೆ ಕೀಳುವುದೂ ಕಷ್ಟವಾಯಿತು. “ಖರೇ ಹೇಳ್ತೀನ್ರಿ, ನಿಮ್ಮ ಕೆಲಸ ಭಾಳ್ ಗಟ್ಟಿ ಅದ,” ಎನ್ನುತ್ತಿದ್ದ ಸಾಬಣ್ಣ, ನಗು ತಡೆದುಕೊಂಡು. ಬುಧವಾರ ಅರ್ಲೀನ್ ಬಂದು ಕಾಲಿಂದ ಮುಟ್ಟಿ ನೋಡಲಿಲ್ಲ. ಕೈಕಟ್ಟಿ ನಿಂತರು. “ತಪಾಸಣೆ ನಿಮ್ಮ ಇಲಾಖೆ. ಬೂಟು ಬಿಚ್ಚಿ. ಹಾರಿ.”

ಎಪ್ಪತ್ತರ ಹತ್ತಿರದ ನಾನು ಹತ್ತು ಹುಡುಗಿಯರು, ಒಬ್ಬ ಕಲ್ಲುಕೆಲಸದವನ ಮುಂದೆ ಹಾರಿದೆ. ಹೆಚ್ಚೆಂದರೆ ಒಂದು ಗೇಣು. ನೆಲ ನನ್ನನ್ನು ತೆಗೆದುಕೊಂಡು, ತುಸು ಇಳಿದು, ವಾಪಸು ಕೊಟ್ಟಿತು. ಹಿಮ್ಮಡಿಗೆ ಪೆಟ್ಟೇ ತಾಗಲಿಲ್ಲ. ಇನ್ನೊಮ್ಮೆ ಹಾರಿದೆ. ಅದನ್ನು ಯಾರೂ ಹೇಳಿರಲಿಲ್ಲ.

“ಪಾಸ್,” ಎಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ರೇಣುಕಾಳನ್ನು ಅರ್ಲೀನ್ ಮನೆಗೆ ಕಳಿಸಲಿಲ್ಲ. ಮುಂದೆ ಒಂದು ಕುರ್ಚಿ ಹಾಕಿ ಕೂರಿಸಿದರು. ಎಣಿಕೆ ಅವಳದು, ತಿದ್ದುವುದೂ ಅವಳೇ. ಮೊದಲ ದಿನ ಅವಳ ದನಿ ಹೊರಡಲಿಲ್ಲ. ಕಾರ್ಖಾನೆ ಅಧಿಕಾರಿಗಳ ಮಕ್ಕಳಿಗೆ ಅವಳು ಏನು ಹೇಳಬೇಕು? ಮೂರನೆಯ ದಿನ, ತನಗಿಂತ ಒಂದು ಗೇಣು ಎತ್ತರದ ಹುಡುಗಿಗೆ, “ನೀ ಮ್ಯಾಲಿಂದ ಬೀಳ್ಲಿಕತ್ತಿ. ಬೀಳಬ್ಯಾಡ, ಇಳಿ. ತಲಿ ಮ್ಯಾಲ ಬುಟ್ಟಿ ಅದ ಅಂತ ತಿಳ್ಕೊ,” ಎಂದಳು. ಆ ಹುಡುಗಿ ಸದ್ದಿಲ್ಲದೆ ಇಳಿದಳು. ಅರ್ಲೀನ್ ನನ್ನಿಂದ ಆ ಮಾತಿನ ಅರ್ಥ ಕೇಳಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಮೂರು ವಾರದಲ್ಲಿ ಒಂಬತ್ತು ಹುಡುಗಿಯರೂ ಇಳಿಯುವುದನ್ನು ಕಲಿತರು. ಕೊನೆಯ ವಾರ ವೈದ್ಯರು ಒಪ್ಪಿದ ಮೇಲೆ ರೇಣುಕಾಗೆ ದಿನಕ್ಕೆ ನಾಲ್ಕೇ ನಾಲ್ಕು ಹಾರಿಕೆ. ನಾಲ್ಕನ್ನೂ ನಾನು ಗೋಡೆಯ ಬಳಿ ನಿಂತು ಎಣಿಸುತ್ತಿದ್ದೆ.

ಜೂನ್ ಮೊದಲ ವಾರ ಸ್ಲ್ಯಾಬ್ ಕೆಲಸ ಮುಗಿಯಿತು. ಸಾಬಣ್ಣ ಪುಣೆಗೆ ಹೊರಟು ನಿಂತ. ಹೋಗುವ ಮುಂಚೆ ಅರ್ಲೀನ್ ಅವನನ್ನು ಸಭಾಂಗಣಕ್ಕೆ ಕರೆದರು. ರೇಣುಕಾ ಇಲ್ಲೇ ಇದ್ದು, ಕಾಲೇಜು ಸೇರಿ, ಈ ತರಗತಿ ನಡೆಸಲಿ ಎಂಬುದು ಅವರ ಬೇಡಿಕೆ. ಹುಡುಗಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸುಶೀಲಾ ಚಹಾ ತಂದಿದ್ದಳು. ನಾನು ಮಧ್ಯೆ.

ಸಾಬಣ್ಣ ಒಂದೇ ಪ್ರಶ್ನೆ ಕೇಳಿದ. “ಈ ಕುಣಿತದಿಂದ ಹೊಟ್ಟಿ ತುಂಬತದೇನು, ಕೇಳ್ರಿ.”

ಕೇಳಿದೆ. ಅರ್ಲೀನ್ ಯೋಚಿಸಿ ಉತ್ತರ ಕೊಟ್ಟರು. “ಯಾವಾಗಲೂ ಇಲ್ಲ. ತಂಡದಲ್ಲಿದ್ದಷ್ಟು ವರ್ಷವೂ, ಪ್ರವಾಸವಿಲ್ಲದ ದಿನಗಳಲ್ಲಿ, ತಟ್ಟೆ ತೊಳೆಯುವುದನ್ನು ಬಿಡಲು ನನಗೆ ಆಗಲಿಲ್ಲ. ಕಾಲು ಹೋದ ಮೇಲೆ ಎರಡು ವರ್ಷ ನನ್ನ ತಾಯಿಯೇ ನನಗೆ ಊಟ ಹಾಕಿದಳು. ನನಗೆ ಖಾಯಂ ಸಂಬಳ ಬಂದದ್ದು ಕಲಿಸಲು ಶುರುಮಾಡಿದ ಮೇಲೆ.”

ಸುಶೀಲಾ ನನ್ನ ಮೊಣಕೈ ಮುಟ್ಟಿದಳು. “ಸ್ವಲ್ಪ ಛೊಲೋ ಮಾಡಿ ಹೇಳ್ರಿ,” ಎಂದು ಪಿಸುಗುಟ್ಟಿದಳು. ನನ್ನ ನಾಲಿಗೆಯ ಮೇಲೂ ಅದೇ ಇತ್ತು. ತುಂಬುತ್ತದೆ, ಒಳ್ಳೆಯ ಹೆಸರು ಬರುತ್ತದೆ, ಅಮೆರಿಕದಲ್ಲಿ ದೊಡ್ಡ ಶಿಕ್ಷಕಿ ಎಂದುಬಿಟ್ಟರೆ ಅವನು ಒಪ್ಪುತ್ತಾನೆ. ಹುಡುಗಿಯ ಬೆರಳುಗಳು ಸರಳಿನ ಮೇಲೆ ಬಿಳಿಚಿಕೊಂಡಿದ್ದವು. ಕಂಡದ್ದನ್ನೆಲ್ಲ ಬಿಗಿ ಮಾಡುವ ಕೈ ನನ್ನದು ಎಂಬುದು ಆಗ ನನಗೆ ಗೊತ್ತಿತ್ತು. ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ತಟ್ಟೆ ತೊಳೆದದ್ದು, ತಾಯಿ ಊಟ ಹಾಕಿದ್ದು, ಎಲ್ಲ.

ಸಾಬಣ್ಣ ಚಹಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟ.

“ಖರೇ ಹೇಳ್ಯಾರ,” ಎಂದ ಕೊನೆಗೆ. “ತುಂಬತದ ಅಂದಿದ್ರ ನಾ ಈಗೇ ಎದ್ದು ಹೋಗ್ತಿದ್ದೆ. ಅಕಿ ಕುರ್ಚಿ ಮ್ಯಾಲ ಕುಂತು ಆ ಹುಡುಗ್ಯಾರಿಗಿ ಹೇಳಿಕೊಡೂದು ನಾ ಕಿಟಕ್ಯಾಗಿಂದ ನೋಡೀನಿ. ನಮ್ಮ ಮಂದ್ಯಾಗ ಹಂಗ ಕುಂತು ಯಾರೂ ಹೇಳಿಲ್ಲ.” ಮಗಳ ಕಡೆ ತಿರುಗಿದ. “ಒಂದು ವರ್ಷ. ಕಾಚಿಗೂಡದಾಗ ದೊಡ್ಡವ್ವನ ಮನ್ಯಾಗ ಇರು. ಕಾಲೇಜಿಗಿ ಹೋಗಬೇಕು. ಕಾಲೇಜ್ ತಪ್ಪಿಸಿದ್ರ ಇದು ಭೀ ಬಂದ್.”

ರೇಣುಕಾ ತಲೆಯಾಡಿಸಿದಳು. ಸರಳು ಬಿಡಲಿಲ್ಲ.

ಅರ್ಲೀನ್ ಆಮೇಲೆ ಹತ್ತು ದಿನಕ್ಕೆ ತಂಗಿಯ ಮಗಳೊಂದಿಗೆ ಊರಿಗೆ ಹೊರಟರು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಕುಲುಕಿ, “ಏಳೂ ಕಾಲಿಗೆ ಬಾಗಿಲು ತೆರೆದಿರಬೇಕು,” ಎಂದಷ್ಟೇ ಹೇಳಿದರು.

ಮರುದಿನ ಮಳೆ ಹಿಡಿದಿತ್ತು. ಏಳಕ್ಕೆ ಬೀಗ ತೆಗೆದೆ. ಒಂಬತ್ತು ಹುಡುಗಿಯರು ಬಂದರು. ಕಾಚಿಗೂಡದಿಂದ ನಡೆದು ರೇಣುಕಾ ಬಂದಳು, ನೆತ್ತಿ ಒದ್ದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ನಾನು ಅಭ್ಯಾಸದಂತೆ ಗೋಡೆಯ ಬಳಿ, ಕೈ ಹಿಂದೆ ಕಟ್ಟಿ ನಿಂತೆ. ಅವಳು ಎಣಿಕೆ ಶುರುಮಾಡಲಿಲ್ಲ. ನನ್ನ ಕಡೆ ನೋಡಿದಳು, ನೆಲ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು.

“ಸರ, ತಪ್ಪು ತಿಳೀಬ್ಯಾಡ್ರಿ,” ಎಂದಳು. “ನೀವು ಹೊರಗ ಕೂಡ್ರಿ. ನೀವು ನಿಂತ್ರ ಇವ್ರು ಸೆಟದ ನಿಂದರ್ತಾರ.”

ಮೂವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಕೆಲಸದ ಜಾಗದಿಂದ ಹೊರಗೆ ಕಳಿಸಿರಲಿಲ್ಲ. ನಾನು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಅವಳು ಕನ್ನಡದಲ್ಲಿ ಎಣಿಸತೊಡಗಿದಳು.